ಕುಂದಗೋಳ: ನೆಲ, ನೀರು, ಮಂದಿ

ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದ ಸಂದರ್ಭದಲ್ಲಿ ಹೊರಬರುತ್ತಿರುವ ಈ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಕುರಿತು ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಇತಿಹಾಸವೆಂದರೆ ರಾಜರ ಹೆಸರು, ಯುದ್ಧದ ಇಸವಿ ಎಂದು ಮಕ್ಕಳ ತಲೆಯಲ್ಲಿ ತುಂಬಿದವರು ಸಮಾಜ ವಿಜ್ಞಾನದ ಮಾಸ್ತರರಾದ ನಾವೇ. ಅದನ್ನು ಸ್ವಲ್ಪ ತಿದ್ದಿಕೊಳ್ಳಲು ಇದೊಂದು ಅವಕಾಶವೆಂದು ತಿಳಿದು, ಊರಿನ ನೆಲದ ಬಗ್ಗೆ ಮತ್ತು ಅದರ ಮೇಲೆ ಬಾಳಿದ ಮಂದಿಯ ಲೆಕ್ಕದ ಬಗ್ಗೆ ಬರೆಯುತ್ತಿದ್ದೇನೆ.

ಲೆಕ್ಕ ಎನ್ನಲು ಕಾರಣವಿದೆ. ಸರಕಾರಿ ಶಾಲೆಯ ಶಿಕ್ಷಕರಿಗೆ ಹತ್ತು ವರ್ಷಕ್ಕೊಮ್ಮೆ ಜನಗಣತಿಯ ಕೆಲಸ ಬರುತ್ತದೆ. 2001ರ ಫೆಬ್ರವರಿಯಲ್ಲಿ ಗಣತಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಾನೂ ಓಣಿ ಓಣಿ ತಿರುಗಿದ್ದೆ. ಮೆಣಸಿನಕಾಯಿ ಬಿಡಿಸುವ, ಬಿಳಿಜೋಳ ಕೀಳುವ ದಿನಗಳವು. ಹಗಲು ಹೋದರೆ ಮನೆಗಳಿಗೆ ಕೀಲಿ. ದೀಪ ಹಚ್ಚುವ ಹೊತ್ತಿಗೇ ಹೋಗಬೇಕು. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುದುಕಿಯನ್ನು ಕೇಳಿದೆ:

"ಯವ್ವಾ, ಮನ್ಯಾಗ ಎಷ್ಟ ಮಂದಿ ಅದೀರಿ?"

"ಉಣ್ಣಾಕ ನಾಕ ಮಂದಿ ಅದೀವ್ರಿ ಸರ. ಮನಿ ಮಂದಿ ಅಂದ್ರ ಒಂಬತ್ತ."

ದೊಡ್ಡ ಮಗ, ಸೊಸೆ, ಎರಡು ಮೊಮ್ಮಕ್ಕಳು ಹುಬ್ಬಳ್ಳಿಯಲ್ಲಿ. ಸಣ್ಣ ಮಗ ಗೋವಾದಲ್ಲಿ. ನಾನು ನಾಲ್ಕು ಹೆಸರು ಬರೆದುಕೊಂಡೆ. ಉಳಿದವರನ್ನು ಎಲ್ಲಿ ಬರೆಯುತ್ತೀರಿ ಎಂದಳು. ಅವರು ಇರುವ ಊರಲ್ಲೇ ಬರೆದುಕೊಳ್ಳುತ್ತಾರೆ ಎಂದೆ. "ಹಂಗಾರ ನಮ್ಮೂರಾಗ ಅವರು ಇಲ್ಲಂತಾತು," ಎಂದು ಸುಮ್ಮನಾದಳು. ನಿಯಮದ ಪ್ರಕಾರ ನಾನು ಬರೆದದ್ದು ಸರಿ. ಆದರೆ ಆಕೆಯ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ.

ನೆಲ

ಕುಂದಗೋಳ ಹುಬ್ಬಳ್ಳಿಯ ಆಗ್ನೇಯಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿದೆ. ಸಮುದ್ರ ಮಟ್ಟದಿಂದ ಆರುನೂರು ಮೀಟರಿಗೂ ಎತ್ತರದ ಬಯಲು. ಪಶ್ಚಿಮದ ಕಲಘಟಗಿಗೆ ಮಲೆನಾಡಿನ ಮಳೆ ತಾಗುತ್ತದೆ. ಪೂರ್ವಕ್ಕೆ ಗದಗಿನ ಕಡೆ ನಡೆದಂತೆ ಮಳೆ ಕಡಿಮೆಯಾಗುತ್ತದೆ. ನಾವು ಈ ಎರಡರ ನಡುವೆ ಇದ್ದೇವೆ. ಹೀಗಾಗಿ ಒಂದು ವರ್ಷ ಮುಂಗಾರಿ ಕೈಹಿಡಿದರೆ ಇನ್ನೊಂದು ವರ್ಷ ಹಿಂಗಾರಿ ಕೈಹಿಡಿಯುತ್ತದೆ. ಎರಡೂ ಕೈಬಿಟ್ಟ ವರ್ಷಗಳೂ ಉಂಟು.

ತಾಲೂಕಿನ ಬಹುಭಾಗ ಎರೆ ಭೂಮಿ. ಈ ಮಣ್ಣಿನ ಗುಣ ತಿಳಿಯದೆ ನಮ್ಮ ಊರಿನ ರಚನೆ ತಿಳಿಯುವುದಿಲ್ಲ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಒಮ್ಮೆ ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಅದಕ್ಕಾಗಿಯೇ ಮಳೆ ನಿಂತ ಮೇಲೂ ಬಿಳಿಜೋಳ, ಕಡಲೆ, ಕುಸುಬಿ, ಗೋಧಿ ಬರುತ್ತವೆ. ಮುಂಗಾರಿಗೆ ಹೆಸರು, ಶೇಂಗಾ, ಹತ್ತಿ, ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಸರಿಗಷ್ಟೇ ಬ್ಯಾಡಗಿಯದು. ಅದನ್ನು ಬೆಳೆಯುವವರಲ್ಲಿ ಕುಂದಗೋಳ ತಾಲೂಕಿನ ರೈತರೂ ಇದ್ದಾರೆ.

ಇದೇ ಮಣ್ಣು ಮಳೆಗಾಲದಲ್ಲಿ ದಾರಿಯನ್ನು ನುಂಗುತ್ತದೆ. ಚಕ್ಕಡಿಯ ಗಾಲಿ ಹೂತರೆ ಎರಡು ಜೋಡಿ ಎತ್ತು ಕಟ್ಟಿದರೂ ಏಳದು. ಮಲೆನಾಡಿನವರ ಹಾಗೆ ಹೊಲದಲ್ಲೊಂದು, ತೋಟದಲ್ಲೊಂದು ಮನೆ ಕಟ್ಟಿ ಬಿಡಿಬಿಡಿಯಾಗಿ ಬಾಳಲು ಇಲ್ಲಿ ಆಗುವುದಿಲ್ಲ. ಕೆರೆಯ ಸಮೀಪ, ಸ್ವಲ್ಪ ಎತ್ತರದ ಜಾಗ ನೋಡಿ, ಗೋಡೆಗೆ ಗೋಡೆ ಹಚ್ಚಿ, ಮೇಲ್ಮುದ್ದಿ ಮನೆ ಕಟ್ಟಿಕೊಂಡು ಮಂದಿ ಒಂದೇ ಕಡೆ ನೆಲೆಸಿದರು. ಸುತ್ತಲೂ ಹೊಲ, ನಡುವೆ ಒತ್ತಾದ ಊರು. ಇದು ಬೆಳವಲ ಸೀಮೆಯ ಹಳ್ಳಿಗಳ ಸಾಮಾನ್ಯ ನಕ್ಷೆ. ಅದೇ ನಕ್ಷೆಯಲ್ಲಿ ಕೆಲವರ ಕೇರಿಯನ್ನು ಊರಿಂದ ಬೇರೆ ಇಟ್ಟಿದ್ದರು, ಅವರು ನೀರು ತುಂಬುವ ಜಾಗವನ್ನೂ ಬೇರೆ ಮಾಡಿದ್ದರು ಎಂಬುದನ್ನು ಊರಿನ ಇತಿಹಾಸ ಬರೆಯುವವರು ಬಿಡಬಾರದು.

ಹೆಸರುಗಳಲ್ಲಿ ಉಳಿದ ಲೆಕ್ಕ

ಜನಗಣತಿ ಬರುವ ಮೊದಲೂ ಈ ಸೀಮೆಯಲ್ಲಿ ಎಣಿಕೆ ಇತ್ತು. ನಮ್ಮ ಪೂರ್ವಕ್ಕಿರುವ ಲಕ್ಷ್ಮೇಶ್ವರ ಶಾಸನಗಳಲ್ಲಿ ಪುಲಿಗೆರೆ. ಅದರ ನಾಡು ಪುಲಿಗೆರೆ ಮುನ್ನೂರು. ಅದರಾಚೆ ಬೆಳ್ವೊಲ ಮುನ್ನೂರು. ಈ ಮುನ್ನೂರು ಎಂಬುದು ಹಳ್ಳಿಗಳ ಸಂಖ್ಯೆ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ನಮ್ಮ ತಾಲೂಕಿನ ಗುಡಗೇರಿಯಲ್ಲಿ ಸಿಕ್ಕ ಜೈನ ಶಾಸನ 1076ರ ಕಾಲದ್ದು. ಅದರಲ್ಲಿ ಊರಿನ ಹೆಸರು ಗುಡಿಗೆರೆ. ಅಂದರೆ ಸುಮಾರು ಒಂಬೈನೂರೈವತ್ತು ವರ್ಷಗಳಿಂದ ಒಂದೇ ಹೆಸರಿನಲ್ಲಿ ಮಂದಿ ಅಲ್ಲಿ ಇದ್ದಾರೆ. ಕುಂದಗೋಳದ ಶಂಭುಲಿಂಗ ದೇವಸ್ಥಾನವೂ ಕಲ್ಯಾಣ ಚಾಲುಕ್ಯರ ಕಾಲದ್ದೇ. ಇಂಥ ಕಲ್ಲಿನ ಗುಡಿ ಎದ್ದಿತೆಂದರೆ ಸುತ್ತಲಿನ ಎರೆ ಭೂಮಿ ಆಗಲೇ ಉಳುಮೆಗೆ ಬಂದಿತ್ತು, ಕಟ್ಟುವವರನ್ನೂ ಪೂಜಿಸುವವರನ್ನೂ ಸಾಕುವಷ್ಟು ಕಾಳು ಬೆಳೆಯುತ್ತಿತ್ತು ಎಂದೇ ಅರ್ಥ.

ಇನ್ನೊಂದು ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಹಿರೇನರ್ತಿ, ಚಿಕ್ಕನರ್ತಿ, ಹಿರೇಹರಕುಣಿ, ಚಿಕ್ಕಹರಕುಣಿ, ಹಿರೇಗುಂಜಳ, ಚಿಕ್ಕಗುಂಜಳ. ಒಂದೇ ತಾಲೂಕಿನಲ್ಲಿ ಇಷ್ಟು ಜೋಡಿ ಊರುಗಳು. ಮೊದಲ ಊರು ತುಂಬಿ, ಹೊಲ ದೂರವಾಗಿ, ಕೆಲವು ಮನೆತನಗಳು ಎದ್ದುಹೋಗಿ ಪಕ್ಕದಲ್ಲಿ ನೆಲೆಸಿದಾಗ ಇಂಥ ಹೆಸರು ಹುಟ್ಟುತ್ತವೆ. ಯಾವ ದಫ್ತರದಲ್ಲೂ ಬರೆದಿಡದ ಜನಸಂಖ್ಯೆಯ ಏರಿಕೆ ಊರ ಹೆಸರಿನಲ್ಲಿ ಹೀಗೆ ಉಳಿದುಕೊಂಡಿದೆ.

ನೀರು

ನಮ್ಮಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಇರುವುದು ಬೆಣ್ಣೆಹಳ್ಳ. ಶಿಗ್ಗಾಂವಿ ತಾಲೂಕಿನ ದುಂಡಶಿಯ ಕಡೆ ಹುಟ್ಟಿ, ನಮ್ಮ ತಾಲೂಕನ್ನು ಹಾದು, ಹುಬ್ಬಳ್ಳಿ, ನವಲಗುಂದದ ಕಡೆ ಹರಿದು, ಕೊನೆಗೆ ಮಲಪ್ರಭೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಕಾಲು ತೋಯುವುದಿಲ್ಲ. ಮಳೆಗಾಲದಲ್ಲಿ ಎರೆ ಹೊಲಗಳ ಮೇಲೆ ಹಬ್ಬಿ ಬೆಳೆಯನ್ನು ಹೊತ್ತೊಯ್ಯುತ್ತದೆ. 2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕವೆಲ್ಲ ನೆರೆಗೆ ಸಿಕ್ಕಾಗ ಬೆಣ್ಣೆಹಳ್ಳ ಮಾಡಿದ ಹಾನಿಯನ್ನು ಈಗ ಶಾಲೆಯಲ್ಲಿರುವ ಮಕ್ಕಳೂ ಕಂಡಿದ್ದಾರೆ.

ಎರೆ ಸೀಮೆಯ ಬಾವಿಗಳ ನೀರು ಬಹುತೇಕ ಉಪ್ಪು. ಬಟ್ಟೆ ಒಗೆಯಲು, ದನಕ್ಕೆ ಅದು ಸಾಕು. ಕುಡಿಯಲು ಕೆರೆಯ ನೀರೇ ಬೇಕು. ಹೀಗಾಗಿ ಒಂದು ಊರಿನಲ್ಲಿ ಎಷ್ಟು ಮಂದಿ ಬಾಳಬಹುದು ಎಂಬುದನ್ನು ಬಹುಕಾಲ ನಿರ್ಧರಿಸಿದ್ದು ಆ ಊರಿನ ಕೆರೆ. ಬೇಸಿಗೆಯ ಕೊನೆಯವರೆಗೆ ಕೆರೆ ನಿಂತರೆ ಊರು ನಿಂತಿತು. ಅದು ಬತ್ತಿದರೆ ಹೆಂಗಸರ ತಲೆಯ ಮೇಲೆ ಕೊಡ, ಕಾಲಡಿಗೆ ಮೈಲುಗಳು.

ಯಾರ ದಫ್ತರದಲ್ಲಿ ನಮ್ಮ ಹೆಸರು

ಕುಂದಗೋಳ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. 1811ರಲ್ಲಿ ಬೇರೆಯಾದ ಆ ಸಂಸ್ಥಾನದ ರಾಜಧಾನಿ ಇಲ್ಲಿಂದ ನೂರೈವತ್ತು ಕಿಲೋಮೀಟರಿಗೂ ದೂರ. ನಡುವೆ ಬ್ರಿಟಿಷರ ಧಾರವಾಡ ಜಿಲ್ಲೆ. ಆಚೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು, ಸವಣೂರು ನವಾಬರದು. ಒಂದು ದಿನದ ನಡಿಗೆಯಲ್ಲಿ ನಾಲ್ಕೈದು ಸರಕಾರಗಳು! ಹೆಣ್ಣು ಕೊಟ್ಟ ಊರು ಒಬ್ಬ ದೊರೆಯದು, ತಂದ ಊರು ಇನ್ನೊಬ್ಬನದು, ಸಂತೆಗೆ ಹೋಗುವ ಹುಬ್ಬಳ್ಳಿ ಕಂಪನಿ ಸರಕಾರದ್ದು. ಮಂದಿ ಮಾತಾಡುವುದು ಕನ್ನಡ. ದಫ್ತರ ಮಾತ್ರ ಮೋಡಿ ಲಿಪಿಯ ಮರಾಠಿಯಲ್ಲಿ.

ಇದರಿಂದ ನಮ್ಮ ಹಳೆಯ ಜನಸಂಖ್ಯೆಯ ಲೆಕ್ಕ ಹುಡುಕುವುದು ಸುಲಭವಲ್ಲ. 1901ರ ಧಾರವಾಡ ಜಿಲ್ಲೆಯ 11,13,298 ಮಂದಿಯಲ್ಲಿ ಕುಂದಗೋಳದವರು ಇಲ್ಲ. ಅವರು ಜಮಖಂಡಿ ಸಂಸ್ಥಾನದ 1,05,357 ಮಂದಿಯಲ್ಲಿ ಸೇರಿದ್ದಾರೆ. ಆ ಸಂಸ್ಥಾನದ ವಿಸ್ತೀರ್ಣ 524 ಚದರ ಮೈಲು. ಅಂದರೆ ಚದರ ಮೈಲಿಗೆ ಸುಮಾರು 200, ಇಂದಿನ ಅಳತೆಯಲ್ಲಿ ಚದರ ಕಿಲೋಮೀಟರಿಗೆ 78 ಮಂದಿ. 2011ರಲ್ಲಿ ಧಾರವಾಡ ಜಿಲ್ಲೆಯ ಸಾಂದ್ರತೆ 434. ಎರಡೂ ಒಂದೇ ಪ್ರದೇಶವಲ್ಲ, ನಿಜ. ಆದರೂ ನಮ್ಮ ಮುತ್ತಜ್ಜಂದಿರು ಕಂಡ ಬಯಲು ಎಷ್ಟು ತೆರವಾಗಿತ್ತು ಎಂಬ ಅಂದಾಜು ಇದರಿಂದ ಸಿಗುತ್ತದೆ.

1948ರ ಮಾರ್ಚಿನಲ್ಲಿ ಸಂಸ್ಥಾನ ವಿಲೀನವಾಗಿ ನಾವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಬಂದೆವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ. 1973ರಲ್ಲಿ ಅದು ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆ ಒಡೆದು ಗದಗ, ಹಾವೇರಿ ಬೇರೆಯಾದವು. ಆ ಗೆರೆ ಎಳೆದಾಗ ಶರೀಫಜ್ಜನ ಶಿಶುನಾಳ ಹಾವೇರಿ ಜಿಲ್ಲೆಗೆ ಹೋಯಿತು, ಅವನ ಗುರು ಗೋವಿಂದ ಭಟ್ಟರ ಕಳಸ ನಮ್ಮ ಕುಂದಗೋಳ ತಾಲೂಕಿನಲ್ಲೇ ಉಳಿಯಿತು. ಜಾತಿಯ ಗೆರೆ ದಾಟಿದ ಗುರುಶಿಷ್ಯರ ನಡುವೆ ಈಗ ಜಿಲ್ಲೆಯ ಗೆರೆ ಇದೆ. ನಡೆದುಹೋಗುವ ಭಕ್ತರು ಅದನ್ನು ಗಮನಿಸುವುದೇ ಇಲ್ಲ.

ಇಳಿದ ಲೆಕ್ಕ

ಜನಸಂಖ್ಯೆ ಎಂದರೆ ಏರುತ್ತಲೇ ಇರುವ ಸಂಗತಿ ಎಂದು ಈಗಿನ ಮಕ್ಕಳು ತಿಳಿಯುತ್ತಾರೆ. ಹಾಗಿರಲಿಲ್ಲ. 1791–92ರ ಬರವನ್ನು ನಮ್ಮ ಹಿರಿಯರು ಡೋಗಿ ಬರ ಎನ್ನುತ್ತಿದ್ದರು. ಹೂಳುವವರಿಲ್ಲದೆ ತಲೆಬುರುಡೆಗಳು ಬಿದ್ದಿದ್ದವು ಎಂಬುದು ಆ ಹೆಸರಿನ ಅರ್ಥ. 1876–78ರ ದೊಡ್ಡ ಬರಕ್ಕೆ ಗಣತಿಯ ಸಾಕ್ಷಿಯೇ ಇದೆ. 1872ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷಕ್ಕೆ ಸಮೀಪವಿತ್ತು. 1881ರಲ್ಲಿ ಒಂಬತ್ತು ಲಕ್ಷಕ್ಕೂ ಕೆಳಗೆ ಬಂತು. ಹತ್ತು ವರ್ಷದೊಳಗೆ ಹತ್ತರಲ್ಲಿ ಒಬ್ಬರು ಇಲ್ಲವಾದರು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂಬುದು ಈ ಅಂಕಿಯಲ್ಲಿಲ್ಲ.

ಆಮೇಲೆ ಪ್ಲೇಗು. 1901ರಿಂದ 1911ರ ನಡುವೆ ಜಿಲ್ಲೆಯ ಜನಸಂಖ್ಯೆ ಮತ್ತೆ ಇಳಿಯಿತು. ಊರಲ್ಲಿ ಇಲಿ ಬಿದ್ದರೆ ಮಂದಿ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಒತ್ತಾದ ಊರಿನಲ್ಲಿ ಗೋಡೆಗೆ ಗೋಡೆ ಹಚ್ಚಿ ಬದುಕುವವರಿಗೆ ಅದೊಂದೇ ದಾರಿ. 1918ರ ಜ್ವರ ಉಳಿದ ಲೆಕ್ಕವನ್ನೂ ತೆಗೆದುಕೊಂಡಿತು. 1921ರ ಗಣತಿಯಲ್ಲಿ ಇಡೀ ದೇಶದ ಜನಸಂಖ್ಯೆಯೇ ಇಳಿದಿತ್ತು. ಗಣತಿಗೆ ಹೋದಾಗ ಹಿರಿಯರಿಗೆ ವಯಸ್ಸು ಕೇಳಿದರೆ ಇಸವಿ ಹೇಳುತ್ತಿರಲಿಲ್ಲ. ಪ್ಲೇಗು ಬಂದಾಗ ನನ್ನ ಅಣ್ಣ ತೊಟ್ಟಿಲಲ್ಲಿದ್ದನಂತೆ ಎನ್ನುವರು, ಗಾಂಧಿ ಸತ್ತಾಗ ನನ್ನ ಮದುವೆಯಾಗಿತ್ತು ಎನ್ನುವರು. ನಾವು ಬೆರಳು ಮಡಿಚಿ ಲೆಕ್ಕ ಹಾಕಿ ಬರೆಯುತ್ತಿದ್ದೆವು. ಗಂಡನ ಹೆಸರು ಕೇಳಿದರೆ ಸೊಸೆಯಂದಿರು ನಾಚಿ ಒಳಗೆ ಓಡುವರು. ಒಡಪು ಹಾಕಿಸಿ ಹೆಸರು ಹೇಳಿಸಿಕೊಂಡ ಗಣತಿದಾರನೂ ನಾನೇ.

ರೈಲು ತಂದವರು, ಒಯ್ದವರು

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಳಿ ಹಾಕಿದರು. ಕುಂದಗೋಳ, ಸಂಶಿ, ಗುಡಗೇರಿ ನಿಲ್ದಾಣಗಳಾದವು. ಎರೆ ಮಣ್ಣು ದಾರಿ ನುಂಗುವ ಸೀಮೆಯಲ್ಲಿ ಮಳೆಗಾಲದಲ್ಲೂ ಹೂಳದ ದಾರಿ ಇದೊಂದೇ ಆಯಿತು. ಹತ್ತಿ, ಮೆಣಸಿನಕಾಯಿ ಅದರಲ್ಲಿ ಹೋದವು. ಮಂದಿಯೂ ಹೋದರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು, ಹತ್ತಿ ಗಿರಣಿಗಳು ಹಳ್ಳಿಯ ಯುವಕರನ್ನು ಕರೆದವು.

ಆದರೆ ಅದೇ ರೈಲು ಕೆಲವರನ್ನು ಇಲ್ಲಿಗೆ ತಂದದ್ದನ್ನೂ ನೆನೆಯಬೇಕು. ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರರು, ತಮ್ಮ ಹೆಸರಿನಲ್ಲೇ ನಮ್ಮ ಊರನ್ನು ಹೊತ್ತವರು. ಅವರ ಗುರು ಅಬ್ದುಲ್ ಕರೀಂ ಖಾನರು ನಾಡಗೇರ ವಾಡೆಯ ಅತಿಥಿಯಾಗಿ ಇಲ್ಲಿಗೆ ಬಂದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಮುಗಿಸಿ ರೈಲಿನಲ್ಲೇ ಮರಳುತ್ತಿದ್ದರು. 1936ರಲ್ಲಿ ಹದಿಹರೆಯದ ಭೀಮಸೇನ ಜೋಶಿ ಬಂದು ಗುರುವಿನ ಮನೆಯಲ್ಲೇ ಉಳಿದರು. ಗುರುವಿನ ಮನೆಗೆ ಕೊಡಗಟ್ಟಲೆ ನೀರು ಹೊತ್ತರು. ಸಂಗೀತಗಾರನ ಸಹನೆಯ ಕಥೆಯಾಗಿ ಇದನ್ನು ಎಲ್ಲರೂ ಹೇಳುತ್ತಾರೆ. ಈ ಊರಿನವರಿಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣಬೇಕು: ಕುಡಿಯುವ ನೀರು ಆಗ ಎಷ್ಟು ದೂರವಿತ್ತು ಎಂಬುದು. ಅವರು ಹೊತ್ತ ಕೊಡವನ್ನು ನಮ್ಮ ಅಜ್ಜಿಯಂದಿರು ದಿನವೂ ಹೊತ್ತರು. ಅದನ್ನು ಯಾರೂ ಬರೆಯಲಿಲ್ಲ.

ಹೋದವರು

2001ರ ಗಣತಿಯಲ್ಲಿ ಕುಂದಗೋಳ ಪಟ್ಟಣದ ಜನಸಂಖ್ಯೆ 16,837. 2011ರಲ್ಲಿ ಸುಮಾರು 18,700. ಹತ್ತು ವರ್ಷದಲ್ಲಿ ಶೇ. 11ರ ಆಸುಪಾಸಿನ ಏರಿಕೆ. ಅದೇ ಅವಧಿಯಲ್ಲಿ ಧಾರವಾಡ ಜಿಲ್ಲೆ ಶೇ. 15ರಷ್ಟು ಬೆಳೆಯಿತು, ಹುಬ್ಬಳ್ಳಿ-ಧಾರವಾಡ ನಗರ 7.86 ಲಕ್ಷದಿಂದ 9.43 ಲಕ್ಷಕ್ಕೆ, ಅಂದರೆ ಶೇ. 20ರಷ್ಟು. ನಮ್ಮಲ್ಲಿ ಹುಟ್ಟಿದವರು ಬೆಳೆದು ಅಲ್ಲಿನ ಲೆಕ್ಕಕ್ಕೆ ಸೇರಿದರು ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ. 2011ರಲ್ಲಿ ಜಿಲ್ಲೆಯ ನೂರು ಜನರಲ್ಲಿ 57 ಮಂದಿ ನಗರವಾಸಿಗಳಾಗಿದ್ದರು.

ಏಕೆ ಹೋದರು? ಹಲಗೆಯ ಮೇಲೆ ಮಾಡಿಸುವ ಒಂದು ಲೆಕ್ಕ ನೋಡೋಣ. ಒಬ್ಬ ಅಜ್ಜನಿಗೆ 24 ಎಕರೆ, ಅಂದರೆ ನಮ್ಮ ಹಳೆಯ ಮಾತಿನಲ್ಲಿ ಸುಮಾರು ಆರು ಕೂರಿಗೆ ಹೊಲ. ಮೂವರು ಮಕ್ಕಳು, ಪಾಲಿಗೆ ಎಂಟೆಂಟು ಎಕರೆ. ಅವರಿಗೆ ಮೂರು ಮೂರು ಗಂಡುಮಕ್ಕಳು. ಪಾಲಿಗೆ ಮೂರು ಎಕರೆಗೂ ಕಡಿಮೆ. ಹೆಣ್ಣುಮಕ್ಕಳಿಗೂ ಕಾನೂನಿನಂತೆ ಪಾಲು ಹಾಕಿದರೆ ಇನ್ನೂ ಕಡಿಮೆ. ನೀರಾವರಿಯಿಲ್ಲದ ಎರೆ ಹೊಲ ಮೂರು ಎಕರೆಯಲ್ಲಿ ಒಂದು ಮನೆತನವನ್ನು ಸಾಕಲಾರದು. ಹಿಂದೆ ಊರು ತುಂಬಿದಾಗ ಪಕ್ಕದಲ್ಲಿ ಒಂದು ಚಿಕ್ಕನರ್ತಿ ಕಟ್ಟಿಕೊಳ್ಳಲು ಬಯಲಿತ್ತು. ಈಗ ಬಯಲಿಲ್ಲ. ಈಗಿನ ಚಿಕ್ಕ ಊರು ಹುಬ್ಬಳ್ಳಿಯ ಯಾವುದೋ ನಗರದ ಬಾಡಿಗೆ ಮನೆ, ಬೆಂಗಳೂರಿನ ಒಂದು ಕೋಣೆ, ಗೋವಾದ ಕಟ್ಟಡದ ಬದಿಯ ತಗಡಿನ ಶೆಡ್ಡು.

ಹೋದವರೆಂದರೆ ಗಂಡುಮಕ್ಕಳೇ ಎಂದು ನಾವು ಎಣಿಸುತ್ತೇವೆ. ಗಣತಿಯ ಕೋಷ್ಟಕಗಳು ಬೇರೆ ಹೇಳುತ್ತವೆ. ದೇಶದಲ್ಲಿ ಊರು ಬದಲಿಸಿದವರಲ್ಲಿ ಹೆಂಗಸರೇ ಹೆಚ್ಚು; ಕಾರಣ ಮದುವೆ. ನಮ್ಮ ಪ್ರತಿ ಮನೆಯಿಂದಲೂ ಒಬ್ಬಳು ಹೋಗಿದ್ದಾಳೆ, ಪ್ರತಿ ಮನೆಗೂ ಒಬ್ಬಳು ಬಂದಿದ್ದಾಳೆ. ಪಂಚಮಿಗೆ ಜೋಕಾಲಿ ಕಟ್ಟಿದಾಗ ಊರಿನ ನಿಜವಾದ ಹೆಣ್ಣುಮಕ್ಕಳ ಸಂಖ್ಯೆ ಕಾಣುತ್ತದೆ.

ಶಾಲೆಯ ರಜಿಸ್ಟರು

ಇಲ್ಲಿ ನಮ್ಮ ಶಾಲೆಯ ಮಾತು ಬರುತ್ತದೆ. ಹಣವಿದ್ದವರ ಮಕ್ಕಳಿಗೆ ಓದುವ ದಾರಿ ಮೊದಲೂ ಇತ್ತು. ಸರಕಾರಿ ಪ್ರೌಢಶಾಲೆಯಲ್ಲಿ ಕೂಲಿಕಾರರ ಮಕ್ಕಳು, ಊರಾಚೆಯ ಕೇರಿಯ ಮಕ್ಕಳು, ಋತುಮತಿಯಾದೊಡನೆ ಮನೆಯಲ್ಲಿ ಕೂರಿಸಬೇಕಿದ್ದ ಹೆಣ್ಣುಮಕ್ಕಳು ಒಂದೇ ಸಾಲಿನಲ್ಲಿ ಕುಳಿತರು. ಹತ್ತನೆಯ ಇಯತ್ತೆ ಪಾಸಾದವರು ಐಟಿಐಗೆ, ಟಿಸಿಎಚ್‌ಗೆ, ಪೊಲೀಸು ಭರತಿಗೆ, ನರ್ಸಿಂಗಿಗೆ ಹೋದರು. ಊರಿಗೆ ಬೆಳಕಾಗಲೆಂದು ಕಟ್ಟಿದ ಶಾಲೆಯೇ ಊರು ಬಿಡುವ ಬಾಗಿಲೂ ಆಯಿತು. ಇದರಲ್ಲಿ ಹೆಮ್ಮೆಯೂ ಇದೆ, ಸಂಕಟವೂ ಇದೆ. ಶಿಕ್ಷಕನಾಗಿ ನನಗೆ ಎರಡೂ ಗೊತ್ತು. ಚೆನ್ನಾಗಿ ಓದಿದ ಹುಡುಗನ ಬೆನ್ನು ತಟ್ಟಿ "ಮುಂದ ಹೋಗಪಾ" ಎಂದೆವು. ಅವನು ಹೋದ, ಅವನ ತಾಯಿ ಕಟ್ಟೆಯ ಮೇಲೆ ಉಳಿದಳು.

ಈಗ ಇನ್ನೊಂದು ತಿರುವು ಬಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರು ತನ್ನ ಜಾಗವನ್ನು ತುಂಬಲು ಬೇಕಾದ ಎರಡಕ್ಕಿಂತ ಇದು ಕಡಿಮೆ. ಹುಟ್ಟುವವರು ಕಡಿಮೆ, ಹುಟ್ಟಿದವರೂ ಹೋಗುವವರು. ಇದರ ಪರಿಣಾಮ ಮೊದಲು ಕಾಣುವುದು ಸರಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ. ಶತಮಾನೋತ್ಸವದ ಸಂಚಿಕೆ ಬರೆಯುವವರು ಇದನ್ನೇ ದೊಡ್ಡ ವಿಷಯ ಮಾಡಬೇಕಾದೀತು.

ನಮ್ಮ ಶಾಲೆ ಆರಂಭವಾದ ಮೇಲೆ 1981, 1991, 2001, 2011ರಲ್ಲಿ ನಾಲ್ಕು ಗಣತಿಗಳು ನಡೆದವು. 2021ರದು ಕೊರೊನಾದಿಂದ ಮುಂದೆ ಹೋಯಿತು. ಆದರೆ ಅಲ್ಲಿ ಸಿಗದ ಒಂದು ಲೆಕ್ಕ ನಮ್ಮ ಕಪಾಟಿನಲ್ಲಿದೆ. ಅದು ದಾಖಲಾತಿ ರಜಿಸ್ಟರು. ಹೆಸರು, ಊರು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಅರ್ಧ ಮಂದಿಯ ಹುಟ್ಟಿದ ದಿನ ಜೂನ್ 1 ಎಂದಿರುವುದು ನಮ್ಮ ಪ್ರಾಥಮಿಕ ಶಾಲೆಯ ಮಾಸ್ತರರ ಕೃಪೆ. ಅದನ್ನು ಓದಿ ನಗಬಹುದು. ಆದರೆ ಕೊನೆಯ ಕಾಲಮ್ಮನ್ನು ಓದಿದರೆ ನಗು ಬರುವುದಿಲ್ಲ. ಗಣತಿಯ ಪುಸ್ತಕದಲ್ಲಿ ಉಳಿದವರ ಲೆಕ್ಕವಿದೆ. ಹೋದವರ ಲೆಕ್ಕ ಈ ರಜಿಸ್ಟರಿನಲ್ಲಿದೆ. ಎರಡನ್ನೂ ಕೂಡಿಸಿದರೆ ಮಾತ್ರ ಊರು ಪೂರ್ತಿಯಾಗುತ್ತದೆ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮಹೋತ್ಸವಕ್ಕೆ ಬಂದಾಗ ನೀವು ಶಾಲೆ ಬಿಟ್ಟ ವರ್ಷ, ಈಗ ಇರುವ ಊರು, ಮಾಡುವ ಕೆಲಸ, ಇಲ್ಲಿ ಉಳಿದಿರುವ ನಿಮ್ಮ ಮನೆಯವರ ಸಂಖ್ಯೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಚೇರಿಯಲ್ಲಿ ಕೊಟ್ಟುಹೋಗಿ. ಬಾರದವರು ಅಂಚೆಯಲ್ಲಿ ಕಳಿಸಿ. ಮದುವೆಯಾಗಿ ಹೋದ ನಮ್ಮ ವಿದ್ಯಾರ್ಥಿನಿಯರು ತಪ್ಪದೆ ಕಳಿಸಬೇಕು. ಒಂಬತ್ತನೆಯ ಇಯತ್ತೆಯ ಮಕ್ಕಳು ಅದನ್ನು ವರ್ಷವಾರು ಜೋಡಿಸಲಿ. ದಾನ ಕೊಡುವವರು ಕೊಡಲಿ, ಕೋಣೆ ಕಟ್ಟಿಸುವವರು ಕಟ್ಟಿಸಲಿ. ಈ ಹಾಳೆಗೆ ಮಾತ್ರ ಹಣ ಬೇಕಿಲ್ಲ.

ಆ ಸಂಜೆ ಕಟ್ಟೆಯ ಮೇಲೆ ಕುಳಿತಿದ್ದ ತಾಯಿ ಈಗಿಲ್ಲ. ಆಕೆಯ ಸಣ್ಣ ಮಗ ನಮ್ಮ ಶಾಲೆಯ ವಿದ್ಯಾರ್ಥಿ. ಅವನ ಹೆಸರು ರಜಿಸ್ಟರಿನಲ್ಲಿದೆ. ಉಳಿದ ಐವರನ್ನು ಎಲ್ಲಿ ಬರೆಯುತ್ತೀರಿ ಎಂದು ಆಕೆ ಕೇಳಿದ್ದಳಲ್ಲ, ಇಲ್ಲಿಯೇ ಬರೆಯೋಣ.